ಬ್ರಾಕೆಟ್ಟಿನ ಮುಂದಿನ ಮೈನಸ್

ನಾನು ಗಣಿತದ ಮಾಸ್ತರ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವಳು ಹೇಳುತ್ತಾಳೆ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ಯಾರಾದರೂ 3x + 2y ಎಂಬುದನ್ನು ಕೂಡಿಸಿ 5xy ಎಂದು ಬರೆದರೆ ನನ್ನ ರಕ್ತ ಕುದಿಯುತ್ತದೆ.

ಹೋದ ವರ್ಷ ಚಳಿಗಾಲದಲ್ಲಿ ಹಾಗೆ ಬರೆದವಳು ಹುಡುಗಿಯಲ್ಲ, ಭಾಲ್ಕಿ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಹೆಂಗಸು. ಕುರಿ ಸಾಕುವ ಮನೆಯ ಸೊಸೆ. ವಯಸ್ಸು ಮೂವತ್ಮೂರು. ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಗುವುದಿತ್ತು. ಅದಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ಹೊರಗಿನಿಂದ ಪರೀಕ್ಷೆ ಕಟ್ಟಿ ಬೇರೆಲ್ಲ ವಿಷಯ ದಾಟಿದ್ದಳು. ಗಣಿತ ಎರಡು ಸಲ ಕೈಕೊಟ್ಟಿತ್ತು. ಇದೊಂದು ಸಲ ತಪ್ಪಿದರೆ ವಯಸ್ಸಿನ ಮಿತಿ ಮೀರುತ್ತಿತ್ತು.

"ಒಂದೀಟು ಹೇಳಿಕೊಡ್ರಿ ಸರ್" ಎಂದು ಅವಳು ಕೇಳಿದಾಗ ಬೀದರಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ದಿನಾ ಆ ಒಂದು ತಾಸು ಕೊಡುವುದೆಂದು ಒಪ್ಪಿಕೊಂಡೆ. ಪಾತ್ರೆ ತೊಳೆದ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು.

ಅವಳ ತಕರಾರು ಶುರುವಾದದ್ದೇ x ನಿಂದ. "x ಅಂದ್ರ ಎಷ್ಟ್ರಿ?" ಎಷ್ಟೆಂದು ಗೊತ್ತಿಲ್ಲದ್ದಕ್ಕೇ x ಎನ್ನುತ್ತೇವೆ ಎಂದರೆ ಸುಮ್ಮನಾಗುವಳು. ಮರುದಿನ ಮತ್ತೆ ಅದೇ ಪ್ರಶ್ನೆ. ಸಜಾತಿ ಪದಗಳನ್ನಷ್ಟೇ ಕೂಡಿಸಬೇಕು ಎಂಬುದನ್ನು ಹೇಗೋ ತಲೆಗೆ ಹಾಕಿದೆ. ಬಹುಪದಗಳ ವ್ಯವಕಲನಕ್ಕೆ ಬಂದಾಗ ಗಾಡಿ ಪೂರ್ತಿ ನಿಂತಿತು. (9x + 2) − (4x − 3). ಅವಳ ಉತ್ತರ ಐದು ದಿನವೂ ಒಂದೇ: 5x − 1. ಬ್ರಾಕೆಟ್ಟಿನ ಮುಂದೆ ಮೈನಸ್ ಇದ್ದರೆ ಒಳಗಿನ ಪ್ರತಿ ಚಿಹ್ನೆಯೂ ಬದಲಾಗಬೇಕು. ಅವಳು ಮೊದಲಿನದನ್ನು ಮಾತ್ರ ಬದಲಿಸುತ್ತಿದ್ದಳು.

ಆರನೆಯ ದಿನ ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದೆ. ಅದು ಎರಡು ತುಂಡಾಯಿತು. ಬೈಗುಳ ತುಟಿಯವರೆಗೆ ಬಂದಿತ್ತು. ಅವಳು ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು:

"ಅಂದ್ಬಿಡ್ರಿ ಸರ್, ಕುರಿ ಕಾಯಾಕ ಹೋಗು ಅಂತ."

"ನಾ ಯಾಕ ಹಂಗ ಅನ್ಲಿ?"

"ಮೊದಲು ಅಂದೀರಿ. ಔರಾದ ಕಡಿ ನಮ್ಮ ತವರೂರ ಸಾಲ್ಯಾಗ ನೀವು ಹೊಸದಾಗಿ ಬಂದಿದ್ರಿ. ನಾ ಎಂಟನೇತ್ತದಾಗ ಇದ್ದೆ. ಎಲ್ಲಾರ ಮುಂದ ಅಂದ್ರಿ. ಮರುದಿನದಿಂದ ಹೋದೆ ನೋಡ್ರಿ."

ದೂರುವ ದನಿಯಾಗಿರಲಿಲ್ಲ ಅದು. ನನಗೆ ಅವಳ ಮುಖವಾಗಲಿ, ಆಡಿದ ಮಾತಾಗಲಿ ನೆನಪಿರಲಿಲ್ಲ. ನನ್ನ ಮೊದಲ ನೌಕರಿಯ ದಿನಗಳವು. ಸಿಟ್ಟು ಬಂದಾಗ ಎಷ್ಟು ಮಕ್ಕಳಿಗೆ ಏನೇನು ಅಂದಿದ್ದೆನೋ! ವರ್ಷದಿಂದ ದಿನಾ ನನಗೆ ಊಟ ಬಡಿಸುತ್ತಿದ್ದವಳು ಇದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ. ಅವಳ ಪಕ್ಕದ ಸಾಲಿನ ಬೆಂಚಿನಲ್ಲಿ ಕುಳಿತೆ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ.

"ಒಂದು ಹಿಂಡಿನ್ಯಾಗ ಎಷ್ಟು ಕುರಿ ಇರ್ತಾವ?"

"ಅದನ್ನ ಹೇಳಂಗಿಲ್ರಿ. ಎಣಿಸಿ ಹೇಳಿದ್ರ ಕಣ್ಣು ಬೀಳ್ತದ. ಹಿಂಡು ಅಂತೀವಿ, ಅಷ್ಟ."

ನಾನು ಅವಳನ್ನೇ ನೋಡಿದೆ. "ಹಂಗಾರ x ಅಂದ್ರ ಹಿಂಡು. ಎಷ್ಟು ಅಂತ ಕೇಳಂಗಿಲ್ಲ."

ಅವಳು ನಕ್ಕಳು. ಪುಸ್ತಕವನ್ನು ಹತ್ತಿರ ಎಳೆದುಕೊಂಡು ಲೆಕ್ಕದ ಮೇಲೆ ಬೆರಳಿಟ್ಟಳು. "ಒಂಬತ್ತು ಹಿಂಡು, ಬಿಡಿ ಮರಿ ಎರಡು, ಎಲ್ಲಾ ದೊಡ್ಡ್ಯಾಗ ಅದಾವ. ನಾಕು ಹಿಂಡು ಮೇಯಾಕ ಹೊಂಟಾವ. ಇದೇನ್ರಿ, ಮೈನಸ್ ಮೂರು?"

"ನೀನೇ ಹೇಳು. ಹೊರಡೂ ಮುಂದ ಹಿಂಡಿನಿಂದ ಏನು ತೆಗೀತೀರಿ?"

"ಸಣ್ಣ ಮರಿ. ಅವಕ್ಕ ಅಷ್ಟು ದೂರ ನಡ್ಯಾಕ ಆಗಂಗಿಲ್ಲ. ಹಿಡದು ಒಳಗ ಬಿಡ್ತೀವಿ..." ಬೆರಳು ಮೂರರ ಮೇಲೇ ಇತ್ತು. "ಅವು ಹೋಗೇ ಇಲ್ಲಲ್ರಿ! ಮನ್ಯಾಗ ಉಳದಾವ. ಐದು ಹಿಂಡು, ಐದು ಮರಿ."

ಬರೆದಳು: 5x + 5. ಮುಂದಿನ ನಾಲ್ಕು ಲೆಕ್ಕಗಳನ್ನು ನನ್ನನ್ನು ಕೇಳದೆ ಬಿಡಿಸಿದಳು. ಅವತ್ತು ಬೀದರಿನ ಬಸ್ಸು ನನ್ನನ್ನು ಬಿಟ್ಟು ಹೋಯಿತು. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಅವಳು ಅಡುಗೆಮನೆಗೆ ಹೋಗದೆ ಸೀದಾ ನನ್ನ ಹತ್ತಿರ ಬಂದಳು. ಗಣಿತ ಪಾಸಾಗಿತ್ತು, ಅರ್ಜಿಯನ್ನೂ ಹಾಕಿ ಆಗಿತ್ತು. ಕೈಯಲ್ಲಿ ಪೇಡೆಯ ಪೊಟ್ಟಣ. ಒಂದನ್ನು ತೆಗೆದುಕೊಂಡೆ. ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ಮಾತನ್ನು ಆಗ ಹೇಳಿದೆ. "ಅವತ್ತು ನಾ ಅಂದದ್ದು ತಪ್ಪು, ತಂಗಿ. ಕ್ಷಮಾ ಮಾಡು."

ಅವಳು ಇರಲಿ ಬಿಡ್ರಿ ಎನ್ನಲಿಲ್ಲ. ಆಫೀಸಿನ ಬಾಗಿಲ ಕಡೆ ಕೈ ತೋರಿದಳು. ಅಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ದಾಖಲಾತಿ ಕಾಗದ ಹಿಡಿದು ನಿಂತಿದ್ದಳು.

"ನನ್ನ ಮಗಳ್ರಿ. ಈ ವರ್ಷ ಎಂಟನೇತ್ತಕ್ಕ ನಿಮ್ಮ ಕ್ಲಾಸಿಗೇ ಬರ್ತಾಳ" ಎಂದಳು. "ಅಕಿಗಿ ಹಂಗ ಅನಬ್ಯಾಡ್ರಿ ಸರ್."