ಬ್ಯಾಂಡ್ ಇಲ್ಲದ ಒಡಪು

ಪ್ರೀತಿ ಅಂದರೇನು ಎಂದು ಕೇಳುತ್ತ ಕ್ಯಾಮೆರಾ ಹಿಡಿದು ಗೋಕಾಕ, ಹುಕ್ಕೇರಿ ಸುತ್ತುತ್ತಿದ್ದೆ. ಅರ್ಧ ನಿಜ, ಅರ್ಧ ನಾನೇ ಬರೆದುಕೊಟ್ಟ ದೃಶ್ಯ, ಅಂಥದ್ದೊಂದು ಸಾಕ್ಷ್ಯಚಿತ್ರ. ಹುಕ್ಕೇರಿಯ ಕಾಲೇಜಿನವರು ಸಿನಿಮಾ ಡೈಲಾಗು ಒಪ್ಪಿಸಿದರು. ಗೋಕಾಕದ ಕರದಂಟಿನ ಅಂಗಡಿಯವರು ಪ್ರೀತಿಯ ಸುದ್ದಿ ಬಿಟ್ಟು ಅಂಟು ಹುರಿಯುವ ಹದ ಹೇಳಿದರು. ತಲೆ ಕೆಟ್ಟು, ತುಕ್ಕಾನಟ್ಟಿಯ ಕಾಕಾನ ಮನೆಗೆ ಬಂದೆ.

ಚಿತ್ರದಲ್ಲಿ ಬರಲು ಕಾಕಾ ತಕ್ಷಣ ಒಪ್ಪಿದ. ಅವನಿಗೊಂದು ಆಸೆಯಿತ್ತು. ನಮ್ಮ ಕಡೆ ಹೊಸ ಸೊಸೆ ಹೊಸ್ತಿಲಲ್ಲಿ ನಿಂತು, ಒಡಪು ಅಂದರೆ ಪ್ರಾಸದ ಸಾಲು ಕಟ್ಟಿ, ಅದರಲ್ಲಿ ಗಂಡನ ಹೆಸರು ಹೇಳಿಯೇ ಒಳಗೆ ಬರಬೇಕು. ಆಮೇಲೆ ಆ ಹೆಸರು ಎತ್ತುವಂತಿಲ್ಲ. ಅವನ ಹೆಂಡತಿ, ನನ್ನ ಕಾಕುವೂ ಮದುವೆಯ ದಿನ ಹೇಳಿದ್ದಳಂತೆ. ಆದರೆ ಅಂಗಳದಲ್ಲಿ ಬ್ಯಾಂಡಿನವರು ಎಷ್ಟು ಜೋರಾಗಿ ಬಾರಿಸುತ್ತಿದ್ದರೆಂದರೆ, ಪಕ್ಕದಲ್ಲೇ ನಿಂತಿದ್ದ ಕಾಕಾನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಆಮೇಲೆ ನಲವತ್ತು ವರ್ಷ ಬರೀ ‘ಏನ್ರಿ’, ‘ಇಲ್ಲಿ ನೋಡ್ರಿ’.

“ಒಮ್ಮೆರ ಆಕಿ ಬಾಯಾಗ ನನ್ನ ಹೆಸರು ಕೇಳಬೇಕು ನೋಡಪಾ,” ಎಂದ.

ನಾನು ಹೊಸ್ತಿಲ ದೃಶ್ಯ ಬರೆದೆ. ಕಾಕು ಇಳಕಲ್ ಸೀರೆ ಉಟ್ಟು ನಿಂತಳು, ಕ್ಯಾಮೆರಾ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾಲ್ಕು ಸಲ ತೆಗೆದೆ, ನಾಲ್ಕೂ ಸಲ ಅದೇ ನಗು. ನನಗೆ ಸಿಟ್ಟು ನೆತ್ತಿಗೇರಿ, ಈ ವಯಸ್ಸಿನಲ್ಲಿ ಎಂಥ ನಾಚಿಕೆ ಎಂದು ಗದರಿಬಿಟ್ಟೆ. ಹಾಗೆ ಅನ್ನಬಾರದಿತ್ತು. ಒಡಪು ಮರೆತೇ ಹೋಗಿದೆ ಎಂದವಳು ರೊಟ್ಟಿ ಬಡಿಯಲು ಒಳಗೆ ನಡೆದಳು. ಕಾಕಾನ ಮುಖ ಸಣ್ಣದಾಯಿತು.

ಅವನನ್ನು ನಗಿಸಲೆಂದು ನನ್ನ ಹೆಡ್‌ಫೋನ್ ಅವನ ಕಿವಿಗೆ ಹಾಕಿದೆ. ಕಾಕುವಿನ ಸೆರಗಿಗೆ ಸಿಕ್ಕಿಸಿದ್ದ ಮೈಕು ಹಾಗೇ ಉಳಿದಿತ್ತು. ರೊಟ್ಟಿ ಬಡಿಯುವ ಸದ್ದು ಇಲ್ಲಿಗೂ ಬರುತ್ತದಲ್ಲ ಎಂದು ಕಾಕಾ ನಕ್ಕ. ಆಮೇಲೆ ನಗು ನಿಲ್ಲಿಸಿ, ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಕಣ್ಣು ತುಂಬಿ ಬಂದಿತ್ತು.

ಒಲೆಯ ಮುಂದೆ ಕಾಕು ಒಬ್ಬಳೇ ಒಡಪು ಹೇಳಿಕೊಳ್ಳುತ್ತಿದ್ದಾಳೆ, ಹಿಡಕಲ್ ಡ್ಯಾಮಿನ ನೀರಿನಿಂದ ಶುರುಮಾಡಿ ಗಂಡನ ಹೆಸರಿನ ತನಕ, ಎಂದು ಪಿಸುಗುಟ್ಟಿದ. ನಾನು ರೆಕಾರ್ಡ್ ಗುಂಡಿಗೆ ಕೈ ಹಾಕಿದೆ. ಕಾಕಾ ನನ್ನ ಕೈ ಹಿಡಿದ.

“ಬ್ಯಾಡ. ಅದು ಪಿಕ್ಚರಿಗಲ್ಲ.”

ಮನಸ್ಸಿಲ್ಲದಿದ್ದರೂ ಕೈ ತೆಗೆದೆ.

ಚಿತ್ರವನ್ನು ಮೂಡಲಗಿಯಲ್ಲಿ ತೋರಿಸಿದಾಗ, ಹೊಸ್ತಿಲಲ್ಲಿ ನಿಂತು ನಗುವ ಕಾಕುವಿಗೆ ಜನ ಚಪ್ಪಾಳೆ ತಟ್ಟಿದರು. ಮರಳುವಾಗ ಅವಳು ಪೇಚಾಡಿದಳು. ಒಡಪು ಹೇಳಿಬಿಡಬೇಕಿತ್ತು, ಮದುವೆಯ ದಿನವೂ ಪಾಪ ಇವರಿಗೆ ಕೇಳಿಸಿರಲಿಲ್ಲ ಎಂದಳು. ಕಾಕಾ ಅವಳ ಕೈಚೀಲ ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

“ಇರ್ಲಿ ಬಿಡು,” ಎಂದ. “ನನಗ ಕೇಳಿಸೇತಿ.”