ವರ್ಷಕ್ಕೊಂದು ಬಿಟ್ಟ ಮಾವ

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಬುಡ ಕತ್ತರಿ ಹಿಡಿದು ಹಿಡಿದು ಹುಣಸೆಬೀಜದಷ್ಟು ಜಡ್ಡುಗಟ್ಟಿತ್ತು. ಹೊಸ ವರ್ಷದ ಹಬ್ಬವಾದ ಬಿಸುವಿನ ದಿನ ಕಾಲಿಗೆ ಬಿದ್ದಾಗ ಅವರು ತಲೆಯ ಮೇಲೆ ಕೈಯಿಟ್ಟರೆ ಮೊದಲು ತಾಗುತ್ತಿದ್ದದ್ದು ಆ ಜಡ್ಡೇ. ಸುಳ್ಯ ಪೇಟೆಯಲ್ಲಿ ಅವರ ಹೊಲಿಗೆ ಅಂಗಡಿ, ಅಜ್ಜಾವರದಲ್ಲಿ ಮನೆ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಆಲೆಟ್ಟಿಯಿಂದ ಪ್ರತಿ ಬಿಸುವಿಗೆ ಅಮ್ಮ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದಳು. ತಾನು ಮಾತ್ರ ಬರುವ ಹಾಗಿರಲಿಲ್ಲ.

ಕಾರಣ ಇಷ್ಟೇ. ನಮ್ಮಲ್ಲಿ ಮದುವೆಯ ಮೊದಲ ಹೇಳಿಕೆ ಸೋದರಮಾವನಿಗೆ. ವೀಳ್ಯ ಕೊಟ್ಟು ಕರೆಯಬೇಕು. ಅಕ್ಕನ ಮದುವೆಗೆ ಅಮ್ಮ ಅಜ್ಜಾವರಕ್ಕೆ ಹೊರಡುವ ಮೊದಲೇ ಅಪ್ಪ ತಮ್ಮ ಕಡೆಯವರಿಗೆ ಹೇಳಿಬಿಟ್ಟಿದ್ದರು. ಸುದ್ದಿ ಅಂಗಡಿಯ ಗಿರಾಕಿಯೊಬ್ಬನ ಬಾಯಿಂದ ಮಾವನಿಗೆ ಮುಟ್ಟಿತು. ಆಮೇಲೆ ಅಮ್ಮ ವೀಳ್ಯ ಹಿಡಿದು ಹೋದಾಗ ಒಳಗೆ ಕರೆಯಲಿಲ್ಲ. ಮದುವೆಗೂ ಬರಲಿಲ್ಲ, ತಂಗಿಯೊಡನೆ ಮಾತೂ ಬಿಟ್ಟರು.

ಊರಿಗೆ ಮಾತ್ರ ಅವರು ದೊಡ್ಡ ಸಾಧಕರು. ಪ್ರತಿ ಬಿಸುವಿಗೆ, ದೇವರ ಮುಂದೆ ಹಣ್ಣು ತರಕಾರಿ ಜೋಡಿಸಿಟ್ಟ ಕಣಿ ನೋಡಿ ಕೈಮುಗಿದು, ಏನಾದರೂ ಒಂದನ್ನು ಬಿಡುತ್ತಿದ್ದರು. ಒಂದು ವರ್ಷ ನಶ್ಯ, ಮರುವರ್ಷ ಚಹಾದ ಸಕ್ಕರೆ, ಆಮೇಲೆ ಗಿರಾಕಿಗಳಿಗೆ ಬೈಯುವುದು. ಬಿಟ್ಟದ್ದನ್ನು ಮತ್ತೆ ಮುಟ್ಟಿದವರಲ್ಲ, ಅದನ್ನು ಒಪ್ಪಲೇಬೇಕು. "ಎಲ್ಲ ಒಟ್ಟಿಗೆ ಬಿಡ್ಲಿಕ್ಕೆ ಹೋದ್ರೆ ಎಂತದೂ ಬಿಟ್ಟುಹೋಗುದಿಲ್ಲ ಮಗಾ. ಮನಸ್ಸು ನಿಧಾನಕ್ಕೆ ಹದ ಆಗ್ಬೇಕು" ಎನ್ನುತ್ತಿದ್ದರು.

ನಾನು ಮನೆಗೆ ಮರಳಿದ ಕೂಡಲೇ ಅಮ್ಮ ಕೇಳುತ್ತಿದ್ದಳು: "ಅಣ್ಣ ಈ ಸಲ ಎಂತ ಬಿಟ್ಟದ್ದಂತೆ?" ಅವರು ಬಿಟ್ಟದ್ದನ್ನು ಅವಳೂ ಬಿಡುತ್ತಿದ್ದಳು. ನಶ್ಯದ ಚಟ ಅವಳಿಗಿರಲಿಲ್ಲ, ಆ ವರ್ಷ ಎಲೆಯಡಿಕೆ ಬಿಟ್ಟಳು. ಸಕ್ಕರೆಯಿಲ್ಲದ ಚಹಾವನ್ನು ಮುಖ ಕಿವುಚಿಕೊಂಡು ಕುಡಿಯುವುದನ್ನು ಕಂಡಾಗ ನನಗೆ ಮೈ ಉರಿಯುತ್ತಿತ್ತು.

ಒಂದು ಬಿಸುವಿಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ಅಮ್ಮನ ಮೇಲಿನ ಸಿಟ್ಟು ಬಿಡುದು ಯಾವಾಗ ಮಾವ?"

ಮಾವ ರೇಗಲಿಲ್ಲ. "ಅದೂ ಮನಸ್ಸಲ್ಲಿ ಉಂಟು. ಸಣ್ಣಸಣ್ಣದು ಮುಗೀಲಿ. ಅದು ದೊಡ್ಡದಲ್ವಾ" ಎಂದರು.

ಎಂಬತ್ತನೇ ಇಸವಿ ದಾಟಿದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ನಾನು ಅಂಗಡಿಗೆ ಓಡಿ ಹೇಳಿದೆ. ಮಾವ ಮಿಷನ್ ತುಳಿಯುವುದನ್ನು ನಿಲ್ಲಿಸಿದರು, ಏಳಲಿಲ್ಲ. "ಬಿಸುವಿಗೆ ಇನ್ನು ಇಪ್ಪತ್ತು ದಿನ. ಈ ಸಲ ಅದನ್ನೇ ಬಿಡುದು ಅಂತ ನಿಶ್ಚಯ ಮಾಡಿದ್ದೇನೆ. ಕಣಿ ನೋಡಿ ಸೀದ ಬರ್ತೇನೆ, ಹೇಳು ಅವಳಿಗೆ."

ಹೇಳಿದೆ. ಅಮ್ಮ ದಿನ ಎಣಿಸುತ್ತಾ ಮಲಗಿದಳು. ಎಂಟು ದಿನ ಬಾಕಿ ಇರುವಾಗ ಹೋದಳು.

ಮಾವ ಅಂದೇ ತವರಿನ ಸೀರೆ ಹಿಡಿದು ಬಂದರು. ಅದನ್ನು ಅಮ್ಮನ ಮೇಲೆ ಹೊದಿಸಿದರು. ಆಮೇಲೆ ನನ್ನನ್ನು ಅಂಗಳದ ಮೂಲೆಗೆ ಕರೆದರು.

"ನನ್ನ ವಿಷಯ ಎಂತಾದ್ರೂ ಹೇಳ್ತಿದ್ದಳಾ ಮಗಾ?"

"ಇಲ್ಲ" ಎಂದೆ. ನೋಯಿಸಬೇಕೆಂದೇ ಅಂದೆ.

ಮಾವ ಮತ್ತೆ ಆರು ವರ್ಷ ಬದುಕಿದ್ದರು. ನಿಜ ಹೇಳಿಬಿಡಬೇಕೆಂದು ಪ್ರತಿ ಬಿಸುವಿಗೂ ಅಜ್ಜಾವರಕ್ಕೆ ಹೋದೆ. ಕಾಲಿಗೆ ಬಿದ್ದೆ, ಪಾಯಸ ಉಂಡೆ, ಮುಂದಿನ ವರ್ಷ ಹೇಳಿದರಾಯಿತು ಎಂದುಕೊಂಡು ವಾಪಸು ಬಂದೆ. ನನ್ನಲ್ಲಿ ಹರಿಯುವುದೂ ಆ ಮನೆಯ ರಕ್ತವೇ ತಾನೆ. ತಂಗಿ ತನ್ನನ್ನು ಒಮ್ಮೆಯೂ ನೆನೆಯಲಿಲ್ಲ ಎಂದು ನಂಬಿಕೊಂಡೇ ಮಾವ ಕಣ್ಣು ಮುಚ್ಚಿದರು.