ಡಾಕ್ಟರಮ್ಮನ ಹೊಟ್ಟೆಯುರಿ

ಆ ಅಂಗಡಿ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಓದಿದ್ದು ಕಾಲೇಜಿನ ಮೊದಲ ವರ್ಷ, ಅದೂ ಪೂರ್ತಿಯಾಗಿರಲಿಲ್ಲ. ಎರಡನೇ ಮಹಡಿಯ ಮೆಟ್ಟಿಲ ಪಕ್ಕದಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೇಬೇಕಾದಷ್ಟು ಅಗಲದ ಅಂಗಡಿಯಲ್ಲಿ ಅವಳು ಮೊಬೈಲ್ ರಿಪೇರಿ ಮಾಡುತ್ತಿದ್ದಳು. ಒಂದು ಮೈಕ್ರೋಸ್ಕೋಪು, ಬಿಸಿಗಾಳಿ ಊದುವ ಗನ್ನು, ಸ್ಕ್ರೂ ಹಾಕಿಡಲು ಖಾಲಿ ಮಾತ್ರೆ ಡಬ್ಬಿಗಳು. ಬೇರೆ ಅಂಗಡಿಯವರು "ಸತ್ತೋಯ್ತು, ಹೊಸದು ತಗೊಳ್ಳಿ" ಎಂದು ಕೈಚೆಲ್ಲಿದ ಫೋನುಗಳು ಅವಳ ಮೇಜಿನ ಮೇಲೆ ಎರಡು ದಿನ ಮಲಗಿ ಮೂರನೇ ದಿನ ಎದ್ದು ಕೂಗುತ್ತಿದ್ದವು.

ಮನೆಯಲ್ಲಿ ಮೂವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದ ಅಪ್ಪ, ಇವಳು, ಇವಳಿಗಿಂತ ಏಳು ವರ್ಷ ಚಿಕ್ಕವಳಾದ ತಂಗಿ. ತಂಗಿ ನ್ಯಾಯಾಲಯದ ಕಚೇರಿಯಲ್ಲಿ ಗುಮಾಸ್ತೆ. ಹಿಂದೆ ಅಮ್ಮ ಹಾಸಿಗೆ ಹಿಡಿದಾಗ ಯಾರಾದರೊಬ್ಬರು ಮನೆಯಲ್ಲಿರಬೇಕಾಗಿ ಬಂತು. ಶಾಲೆ ಬಿಡಿಸಲು ತಂಗಿ ತೀರಾ ಚಿಕ್ಕವಳು, ಹಾಗಾಗಿ ಕಾಲೇಜು ಬಿಟ್ಟವಳು ಅಕ್ಕ. ಅದನ್ನು ಅವಳು ಯಾವತ್ತೂ ಬಾಯಿಬಿಟ್ಟು ಆಡಿದವಳಲ್ಲ. ಆಡದೆ ಉಳಿದದ್ದು ಒಳಗೇ ಕುಳಿತಿತ್ತು.

ಒಂದು ದಿನ ಊಟ ಮಾಡುತ್ತಾ ತಂಗಿ ಹೇಳಿದಳು. "ಅಕ್ಕ, ನಾನು ಎಂಎಸ್ಸಿಗೆ ಸೇರ್ಕೊಂಡೆ. ಆನ್‌ಲೈನು. ಸೈಬರ್ ಭದ್ರತೆ, ಡಿಜಿಟಲ್ ಫೊರೆನ್ಸಿಕ್ಸ್ ಅಂತ. ಎರಡು ವರ್ಷ."

"ಅಂದ್ರೆ ಏನು ಮಾಡ್ತಾರೆ ಅದ್ರಲ್ಲಿ?"

"ಕಂಪ್ಯೂಟರು, ಫೋನು ಇವುಗಳಿಂದ ಸಾಕ್ಷಿ ತೆಗೆಯೋದು. ನಮ್ಮ ಕಚೇರಿಗೆ ಎಷ್ಟು ಫೋನು ಸೀಲ್ ಆಗಿ ಬರತ್ತೆ ಗೊತ್ತಾ? ಅರ್ಧಕ್ಕರ್ಧ ಸಾಕ್ಷಿ ನಿಲ್ಲೋದೇ ಇಲ್ಲ, ಯಾರೋ ನೆಟ್ಟಗೆ ತೆಗೆದಿರಲ್ಲ."

ಸತ್ತ ಫೋನಿನೊಳಗಿಂದ ಜನರ ಫೋಟೋ, ಸಂದೇಶಗಳನ್ನು ಹದಿನೆಂಟು ವರ್ಷದಿಂದ ಹೊರಗೆ ತೆಗೆಯುತ್ತಿರುವವಳು ಎದುರಿಗೇ ಕೂತಿದ್ದಳು. ಅದಕ್ಕೊಂದು ಡಿಗ್ರಿಯೂ ಇದೆ, ಅದು ತಂಗಿಗೆ ಸಿಗಲಿದೆ ಎಂಬುದು ಅವಳಿಗೆ ಅಂದೇ ತಿಳಿದದ್ದು. "ಒಳ್ಳೇದಾಯ್ತು ಬಿಡು" ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಅನ್ನ ಇನ್ನೂ ಅರ್ಧ ಉಳಿದಿತ್ತು.

ಅಂದಿನಿಂದ ಮನೆಯ ಕ್ರಮವೇ ಬದಲಾಯಿತು. ಬೆಳಿಗ್ಗೆ ಆರಕ್ಕೆ ತಂಗಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಪಕ್ಕದ ಮೇಜಿಗೆ ಕೂತುಬಿಡುವಳು. ಆಗ ಕುಕ್ಕರ್ ಕೂಗಿಸುವಂತಿಲ್ಲ. ಅಪ್ಪ ಕೆಮ್ಮು ಬಂದರೂ ಬಚ್ಚಲಿಗೆ ಹೋಗಿ ಕೆಮ್ಮಿ ಬರುತ್ತಿದ್ದ. ಎದುರುಮನೆಯವರ ಹತ್ತಿರ ಮಾತ್ರ ಗಂಟಲು ಬಿಚ್ಚುತ್ತಿದ್ದ: "ನಮ್ಮ ಚಿಕ್ಕೋಳು ಪೊಲೀಸರಿಗೇ ಪಾಠ ಹೇಳೋ ಓದು ಓದ್ತಿದಾಳೆ." ಆ ಎದುರುಮನೆಯವರ ಫೋನನ್ನು ದೊಡ್ಡವಳು ಮೂರು ಸಲ ಬದುಕಿಸಿಕೊಟ್ಟಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು ಎಂದುಕೊಳ್ಳುತ್ತಾ ಡಾಕ್ಟರಮ್ಮ ಬುತ್ತಿ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿದ್ದಳು.

ತಂಗಿ ಕಲಿತದ್ದನ್ನೆಲ್ಲ ಅಕ್ಕನಿಗೆ ಹೇಳುವವಳು. ಅದು ಇನ್ನೊಂದು ಉರಿ. "ಅಕ್ಕ, ಪ್ರತಿ ಕಡತಕ್ಕೂ ಒಂದು ಬೆರಳಚ್ಚು ಥರ ಉದ್ದದ ಸಂಖ್ಯೆ ಇರತ್ತೆ. ಹ್ಯಾಷ್ ಅಂತಾರೆ. ಒಳಗೆ ಒಂದೇ ಒಂದು ಅಲ್ಪವಿರಾಮ ಬದಲಾದ್ರೂ ಇಡೀ ಸಂಖ್ಯೆ ಬದಲಾಗಿಬಿಡತ್ತೆ." ಡಾಕ್ಟರಮ್ಮ ತಲೆಯಾಡಿಸುವಳು. ಒಳಗೊಳಗೇ ಇನ್ನೊಂದು ಲೆಕ್ಕ ನಡೆಯುತ್ತಿತ್ತು: ಮೂರನೇ ಕ್ಲಾಸಿನಲ್ಲಿ ಇವಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ್ದು ನಾನು.

ಎರಡನೇ ವರ್ಷ ಪ್ರಾಜೆಕ್ಟಿಗೆ ಒಂದು ನಿಜವಾದ ಸತ್ತ ಫೋನು ಬೇಕಾಯಿತು. ತಂಗಿಯೇ ಅಂಗಡಿಗೆ ಬಂದಳು. ಪಕ್ಕದ ಸಾಲಿನ ದರ್ಜಿಯ ಫೋನು ಬಕೆಟ್ಟಿಗೆ ಬಿದ್ದು ಆರು ತಿಂಗಳಾಗಿತ್ತು. ಅದನ್ನು ಅವನು ಸಂತೋಷವಾಗಿ ಕೊಟ್ಟ. ತಂಗಿ ಒಪ್ಪಿಗೆ ಪತ್ರಕ್ಕೆ ರುಜು ಹಾಕಿಸಿಕೊಂಡಾಗ, "ಸತ್ತಿರೋ ಫೋನಿಗೂ ಅಪ್ಪಣೆ ಬೇಕೇನಮ್ಮ?" ಎಂದು ನಕ್ಕ.

ಬದುಕಿಸುವ ಕೆಲಸ ಡಾಕ್ಟರಮ್ಮನದು. ನೀರು ಕುಡಿದ ಬೋರ್ಡಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಎರಡು ದಿನ ಅದನ್ನು ಉಜ್ಜಿ ತೆಗೆದಳು, ಎಳ್ಳಿಗಿಂತ ಚಿಕ್ಕ ಭಾಗವೊಂದನ್ನು ಹುಡುಕಿ ಬದಲಾಯಿಸಿದಳು. ಮೂರನೇ ದಿನ ಮಧ್ಯಾಹ್ನ ಪರದೆ ಬೆಳಗಿತು. ತಂಗಿ ಅದರೊಳಗಿನದೆಲ್ಲವನ್ನೂ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡಳು. ಅಕ್ಕನ ಕೈಹಿಡಿದು ಅದುಮಿ ಕಚೇರಿಗೆ ಓಡಿದಳು.

ಆ ಭಾನುವಾರ ತಂಗಿ ಪರದೆಯೆದುರು ಕೂತು ಮೇಷ್ಟ್ರಿಗೆ ವಿವರಿಸುತ್ತಿದ್ದಳು. ಡಾಕ್ಟರಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕಿವಿ ಅಲ್ಲೇ ಇಟ್ಟಿದ್ದಳು. ಮೇಷ್ಟ್ರು ಹೊಗಳಿದರು. ತರಗತಿಯಲ್ಲಿ ಇಷ್ಟು ಹಾಳಾದ ಫೋನನ್ನು ಯಾರೂ ಎತ್ತಿಕೊಂಡಿಲ್ಲ ಎಂದರು. ಬೋರ್ಡ್ ಕೆಲಸ ಹೇಗಾಯಿತು ಎಂದು ಕೇಳಿದರು.

ತಂಗಿ ಅಂದಳು: "ಒಬ್ಬ ಲೋಕಲ್ ಟೆಕ್ನೀಷಿಯನ್ ಸಹಾಯ ಮಾಡಿದ್ರು ಸರ್."

ಸೊಪ್ಪಿನ ದಂಟು ಡಾಕ್ಟರಮ್ಮನ ಕೈಯಲ್ಲೇ ಮುರಿಯಿತು. ಒಬ್ಬ. ಲೋಕಲ್. ಟೆಕ್ನೀಷಿಯನ್. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಎಂದು ಯಾರೂ ಹೇಳಿರಲಿಲ್ಲ.

ಮಂಗಳವಾರ ಅಂಗಡಿ ಕಟ್ಟಡಕ್ಕೆ ವಾರದ ರಜೆ. ತಂಗಿ ಕಚೇರಿಯಲ್ಲಿದ್ದಳು, ಅಪ್ಪ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದ. ಡಾಕ್ಟರಮ್ಮ ತಂಗಿಯ ಮೇಜು ಒರೆಸಲೆಂದೇ ಹೋದದ್ದು. ಲ್ಯಾಪ್‌ಟಾಪು ಅಲ್ಲೇ ಇತ್ತು, ಡ್ರಾಯರಿನಲ್ಲಿ ಡಿಸ್ಕು. ಪಾಸ್‌ವರ್ಡನ್ನು ತಂಗಿಯೇ ಯಾವತ್ತೋ ಹೇಳಿದ್ದಳು. ಡಿಸ್ಕು ಸಿಕ್ಕಿಸಿ ತೆರೆದಳು. ದರ್ಜಿಯ ಫೋಟೋಗಳು: ಕಾಲರುಗಳು, ಗುಂಡಿ ಸಾಲು, ಅಳತೆ ಬರೆದ ಚೀಟಿ, ಹೊಸ ಅಂಗಿ ತೊಟ್ಟು ನಾಚಿದ ಅವನ ಮಗಳು. ಇವೆಲ್ಲ ನನ್ನ ಕೈಯಿಂದ ಬಂದದ್ದು ಎನಿಸಿತು. ನಾನು ಕೊಟ್ಟದ್ದನ್ನು ನಾನೇ ಹಿಂದಕ್ಕೆ ತಗೊಂಡರೆ ಯಾರು ಕೇಳುತ್ತಾರೆ ಎಂದೂ ಅನಿಸಿತು. ನಲವತ್ತೆರಡು ಫೋಟೋ ಅಳಿಸಿದಳು. ಎಣಿಸಿ ಅಳಿಸಲಿಲ್ಲ, ಸಂಖ್ಯೆ ಗೊತ್ತಾದದ್ದು ಆಮೇಲೆ. ಡಿಸ್ಕನ್ನು ಇದ್ದಲ್ಲೇ ಇಟ್ಟು, ಮೇಜನ್ನು ಎರಡು ಸಲ ಒರೆಸಿದಳು. ಸಮಾಧಾನವೇನೂ ಆಗಲಿಲ್ಲ. ಹುಳಿ ಮಜ್ಜಿಗೆ ಕುಡಿದ ಹಾಗೆ ಹಲ್ಲು ಚುಳ್ಳೆಂದಿತು, ಅಷ್ಟೆ.

ಬುಧವಾರ ಬೆಳಿಗ್ಗೆ ತಂಗಿ ಡಿಸ್ಕು ಸಿಕ್ಕಿಸಿ ಒಂದೇ ಲೆಕ್ಕವನ್ನು ಮೂರು ಸಲ ತಾಳೆ ನೋಡಿದಳು. ಕಾಫಿ ಆರಿಹೋಯಿತು.

"ನಿನ್ನೆ ಮನೆಗೆ ಯಾರಾದ್ರೂ ಬಂದಿದ್ರಾ ಅಕ್ಕ?"

"ಯಾರು ಬರ್ತಾರೆ?"

"ಹ್ಯಾಷ್ ಹೊಂದ್ತಿಲ್ಲ."

"ಅದೇನೋಮ್ಮ, ನಿನ್ನ ಓದು ನಂಗೇನು ಗೊತ್ತು. ನಾನು ಲೋಕಲ್."

ಮಾತು ಬಾಯಿಂದ ಜಾರಿದ ಮೇಲೆಯೇ ಅವಳಿಗೆ ತಿಳಿದದ್ದು. ತಂಗಿ ತಿರುಗಿ ನೋಡಿ ಡಿಸ್ಕು ಕಿತ್ತಳು. ಆ ದಿನದಿಂದ ಲ್ಯಾಪ್‌ಟಾಪು ಮೇಜಿನ ಮೇಲೆ ಉಳಿಯಲಿಲ್ಲ. ಕಚೇರಿಗೆ ಹೋಗುವಾಗ ಹೆಗಲಿಗೇರುವುದು, ಬಂದಾಗ ಇಳಿಯುವುದು.

ಎರಡು ವಾರದ ಮೇಲೆ, ಮೇಷ್ಟ್ರು ನೋಡಿ ಕಳಿಸಿದ ವರದಿ ಮುದ್ರಣವಾಗಿ ಬಂತು. ಅಪ್ಪ ಅದನ್ನು ಓದಲಾಗದಿದ್ದರೂ ತೊಡೆಯ ಮೇಲಿಟ್ಟುಕೊಂಡು ಹಾಳೆ ಮಗುಚುತ್ತಿದ್ದ. ಅವನು ಮಲಗಲು ಹೋದಾಗ ಡಾಕ್ಟರಮ್ಮ ಎತ್ತಿಕೊಂಡಳು. ಇಂಗ್ಲಿಷ್ ನಿಧಾನವಾಗಿ ಅರ್ಥವಾಗುತ್ತಿತ್ತು. ಹನ್ನೆರಡನೇ ಪುಟದಲ್ಲಿ ಹೀಗಿತ್ತು: ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಡಿಸ್ಕನ್ನು ಜೋಡಿಸಲಾಗಿದೆ, ಹದಿನಾಲ್ಕು ನಿಮಿಷದಲ್ಲಿ ನಲವತ್ತೆರಡು ಚಿತ್ರಗಳನ್ನು ಅಳಿಸಲಾಗಿದೆ, ಎಲ್ಲವನ್ನೂ ಮರಳಿ ಪಡೆದು, ಕಚೇರಿಯ ಬೀರುವಿನಲ್ಲಿಟ್ಟಿದ್ದ ಎರಡನೇ ನಕಲಿನೊಂದಿಗೆ ಹೋಲಿಸಿ ನೋಡಲಾಗಿದೆ, ಒಂದೂ ಕಳೆದಿಲ್ಲ. ಅಂಚಿನಲ್ಲಿ ಮೇಷ್ಟ್ರ ಟಿಪ್ಪಣಿ: ಇಡೀ ವರದಿಯಲ್ಲಿ ಅತ್ಯುತ್ತಮ ಭಾಗ ಇದು, ಮುಂದಿನ ವರ್ಷದವರಿಗೆ ಮಾದರಿಯಾಗಿ ತೋರಿಸುತ್ತೇನೆ.

ಕೆಡಿಸಲು ಹೋಗಿ ಕಿರೀಟ ತೊಡಿಸಿದಂತಾಗಿತ್ತು. ಅವಳಿಗೆ ನಾಚಿಕೆಯೂ ಆಯಿತು. ನಾಚಿಕೆಗಿಂತ ಒಂದು ತೂಕ ಹೆಚ್ಚಾಗಿ ಹೊಟ್ಟೆ ಉರಿಯಿತು.

ಮರುದಿನ ಬಟ್ಟೆ ಒಣಹಾಕುವಾಗ ಮಹಡಿಯ ಮೇಲೆ ಇಬ್ಬರೇ ಇದ್ದರು. ಡಾಕ್ಟರಮ್ಮನೇ ಕೇಳಿದಳು. "ಯಾರು ಅಳಿಸಿದ್ದು ಅಂತ ಯಾಕೆ ಬರೀಲಿಲ್ಲ?"

ತಂಗಿ ಒದ್ದೆ ದುಪ್ಪಟವನ್ನು ಒದರಿದಳು. "ಮಷೀನು ಗಂಟೆ ಹೇಳತ್ತೆ, ಯಾವ ಖಾತೆ ಅಂತ ಹೇಳತ್ತೆ. ಕೀಲಿ ಒತ್ತಿದ ಕೈ ಯಾರದ್ದು ಅಂತ ಹೇಳಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು."

"ನಾನೇ."

"ಗೊತ್ತು."

"ಬೈಯಲ್ವಾ?"

"ಬೈದ್ರೆ ನಿಂಗೆ ಹಗುರ ಆಗತ್ತೆ. ಅದಕ್ಕೇ ಬೈಯಲ್ಲ." ದುಪ್ಪಟಕ್ಕೆ ಕ್ಲಿಪ್ಪು ಸಿಕ್ಕಿಸಿದಳು. "ಮೂರು ದಿನ ನಿದ್ದೆ ಮಾಡಿಲ್ಲ ಅಕ್ಕ. ಫೋಟೋ ಹೋಯ್ತು ಅಂತ ಅಲ್ಲ, ಅವು ಇನ್ನೊಂದು ಕಡೆ ಇದ್ವು. ನೀನು ಅಂತ."

"ನಾನು ಯಾರೋ ಟೆಕ್ನೀಷಿಯನ್ ಆದೆನಲ್ಲ ನಿಂಗೆ."

ತಂಗಿ ದುಪ್ಪಟದ ಅಂಚನ್ನು ಎಳೆದು ಸರಿಮಾಡಿದಳು. ಆಮೇಲೆ ಮೆಲ್ಲಗೆ, "ಅಕ್ಕ ಅಂದಿದ್ರೆ, ಮನೆಯವರ ಕೈಲಿ ಮಾಡಿಸ್ಕೊಂಡು ಬಂದಿದಾಳೆ ಅಂತಿದ್ರು. ಹೆದರಿದೆ. ತಪ್ಪೇ ಅದು" ಎಂದಳು. ಬಕೆಟ್ಟು ಎತ್ತಿಕೊಂಡು ಕೆಳಗಿಳಿದಳು. ಡಾಕ್ಟರಮ್ಮನ ಎರಡು ಸೀರೆ ಒಣಹಾಕದೆ ಉಳಿದಿದ್ದವು.

ಮೌಖಿಕ ಪರೀಕ್ಷೆಯ ಬೆಳಿಗ್ಗೆ ತಂಗಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಪರದೆಯೆದುರು ಕೂತಳು. ಮೂವರು ಪರೀಕ್ಷಕರು. ಡಾಕ್ಟರಮ್ಮ ಅಂಗಡಿಗೆ ತಡವಾದರೂ ಹೋಗದೆ ಒಳಕೋಣೆಯ ಬಾಗಿಲ ಹಿಂದೆ ನಿಂತಿದ್ದಳು. ತಂಗಿ ಅರಳು ಹುರಿದಂತೆ ಉತ್ತರಿಸುತ್ತಿದ್ದಳು. ಕೊನೆಗೆ ಅವರಲ್ಲೊಬ್ಬ ಹೆಂಗಸು ಕೇಳಿದರು: ಬೋರ್ಡಿಗೆ ಅಷ್ಟು ಶಾಖ ಕೊಟ್ಟಿದ್ದೀರಿ, ಪಕ್ಕದಲ್ಲೇ ಮೆಮೊರಿ ಚಿಪ್ ಇದೆ. ಅದಕ್ಕೆ ಪೆಟ್ಟಾಗಿಲ್ಲ ಎಂದು ಹೇಗೆ ಹೇಳುತ್ತೀರಿ?

ತಂಗಿಯ ಬಾಯಿ ಕಟ್ಟಿತು. ಬಾಗಿಲ ಹಿಂದೆ ನಿಂತವಳಿಗೆ ಉತ್ತರ ನಾಲಿಗೆ ತುದಿಯಲ್ಲಿತ್ತು. ಆ ಮೌನ ಅವಳಿಗೆ ಸಿಹಿಯಾಗಿತ್ತು, ಅದನ್ನು ಮುಚ್ಚಿಡಬಾರದು. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ ಎಂದುಕೊಂಡಳು.

"ನನಗೆ ಗೊತ್ತಿಲ್ಲ ಮೇಡಂ" ಎಂದಳು ತಂಗಿ. "ಆ ಕೆಲಸ ಮಾಡಿದ್ದು ನಮ್ಮಕ್ಕ. ವರದಿಯಲ್ಲಿ ಟೆಕ್ನೀಷಿಯನ್ ಅಂತ ಬರೆದಿರೋದು ಅವರನ್ನೇ. ಒಳಗಿದ್ದಾರೆ, ಕರೀಲಾ?"

ತಂಗಿ ಬಂದು ಬಾಗಿಲು ತೆರೆದಾಗ ಅಕ್ಕ ಅಲ್ಲೇ ಸಿಕ್ಕಿಬಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ನಿಮ್ಮ ಮಾತಿನಲ್ಲೇ ಹೇಳಿ ಎಂದರು ಆ ಹೆಂಗಸು.

"ಮೆಮೊರಿ ಚಿಪ್ ಮೇಲೆ ಶಾಖ ತಡೆಯೋ ಟೇಪ್ ಅಂಟಿಸ್ದೆ. ಅದರ ಮೇಲೊಂದು ನಾಣ್ಯ ಇಟ್ಟೆ. ಬಿಸಿ ಬಂದ್ರೆ ನಾಣ್ಯ ಎಳ್ಕೊಳ್ಳತ್ತೆ, ಚಿಪ್ಪಿಗೆ ಬಿಡಲ್ಲ. ನಡುನಡುವೆ ಬೆರಳು ತಾಗಿಸಿ ನೋಡ್ತಿದ್ದೆ. ಬೆರಳು ತಡ್ಕೊಂಡ್ರೆ ಚಿಪ್ಪೂ ತಡ್ಕೊಳ್ಳತ್ತೆ."

ಆ ಹೆಂಗಸು ಏನೋ ಬರೆದುಕೊಂಡರು. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು.

"ಸುಟ್ಟು ಸುಟ್ಟು ಕಲಿತೆ."

ತಂಗಿ ಪಾಸಾದಳು, ಒಳ್ಳೆಯ ಅಂಕಗಳಲ್ಲೇ. ಗೊತ್ತಿಲ್ಲ ಎಂದು ನೇರವಾಗಿ ಒಪ್ಪಿಕೊಂಡದ್ದಕ್ಕೂ ಅವರು ಮೆಚ್ಚಿದರಂತೆ. ಅದನ್ನು ಕೇಳಿ ಡಾಕ್ಟರಮ್ಮನಿಗೆ, ಉತ್ತರ ಹೇಳಿದವಳಿಗಿಂತ ಉತ್ತರ ಬರದವಳೇ ಗೆದ್ದಳಲ್ಲ ಎನಿಸಿತು.

ಆರು ತಿಂಗಳಲ್ಲಿ ತಂಗಿಗೆ ಕೇಸಿನ ಫೋನುಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಸತ್ತ ಫೋನುಗಳು ಬಂದಾಗ ಅಲ್ಲಿಯ ಮುಖ್ಯಸ್ಥರು ಬೋರ್ಡ್ ಕೆಲಸಕ್ಕೆ ಯಾರಾದರೂ ಬೇಕೆಂದರು. ತಂಗಿ ಒಂದು ಹೆಸರು ಹೇಳಿದಳು. ಈಗ ಡಾಕ್ಟರಮ್ಮ ವಾರಕ್ಕೆರಡು ದಿನ ಅಲ್ಲಿಗೆ ಹೋಗುತ್ತಾಳೆ. ಸೀಲು ಒಡೆಯುವ ಮುನ್ನ ಒಂದು ಹಾಳೆಗೆ ರುಜು ಹಾಕಬೇಕು; ವಸ್ತು ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಎಂದು ಎಲ್ಲರೂ ಬರೆಯುತ್ತಾರೆ. ಮೊದಲ ಸಾಲಿನಲ್ಲಿ ತಂದವರು, ಎರಡನೆಯದರಲ್ಲಿ ತಂಗಿ, ಮೂರನೆಯದರಲ್ಲಿ ಇವಳು.

ಮೊದಲ ದಿನ ಅವಳು ಪೆನ್ನು ಹಿಡಿದು, ತಂಗಿಯ ರುಜುವಿನ ಪಕ್ಕ ಬರೆದಿದ್ದ ಎಂಎಸ್ಸಿ ಎಂಬ ಅಕ್ಷರಗಳನ್ನೇ ನೋಡುತ್ತಾ ಕೂತಳು.

"ಏನಕ್ಕ, ಗಂಟೆ ಬರಿ."

"ಬರೀತೀನಿ ಇರು" ಎಂದು ಡಾಕ್ಟರಮ್ಮ ತನ್ನ ರುಜುವನ್ನು ಗೆರೆ ಮೀರಿ, ತಂಗಿಯದಕ್ಕಿಂತ ಒಂದು ಸುತ್ತು ದೊಡ್ಡದಾಗಿ ಹಾಕಿದಳು.